ಕಷ್ಟದ ಮನೆಗೂ ಸಂತೋಷದ ಸೋಮವಾರ

ಸಂಜೆಯ ಜಪಸರ, ಊಟದ ಮುಂಚಿನ ಕೃತಜ್ಞತೆ, ಹೊಸ ತೆನೆಯ ಹಬ್ಬ, ಸಾವಿನ ಮನೆಗೆ ನೆರೆಯವರ ಬರವು: ಕ್ರೈಸ್ತ ಮನೆಗಳ ಈ ಸಣ್ಣ ಆಚರಣೆಗಳು ಸಂಕಟದ ದಿನಗಳಲ್ಲಿ ಮಾಡುವ ಕೆಲಸವೇನು?

ಮಂಗಳೂರು, ಉಡುಪಿ ಸೀಮೆಯ ಕಥೋಲಿಕ ಮನೆಗಳಲ್ಲಿ ಸಂಜೆಯ ಜಪಸರಕ್ಕೆ ಒಂದು ವಾರದ ಲೆಕ್ಕವಿದೆ. ಯೇಸು, ಮರಿಯರ ಬದುಕಿನ ಘಟನೆಗಳನ್ನು ರಹಸ್ಯಗಳೆಂದು ಕರೆದು, ದಿನಕ್ಕೊಂದು ಗುಂಪನ್ನು ಧ್ಯಾನಿಸುತ್ತಾರೆ. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು. ಮಂಗಳವಾರ, ಶುಕ್ರವಾರ ದುಃಖದ ರಹಸ್ಯಗಳು. ಬುಧವಾರ, ಭಾನುವಾರ ಮಹಿಮೆಯ ರಹಸ್ಯಗಳು. ಗುರುವಾರದ ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೇ ಜಾನ್ ಪೌಲ್ 2002ರಲ್ಲಿ ಸೇರಿಸಿದರು. ಮನೆಯಲ್ಲಿ ಆ ದಿನ ಏನಾಯಿತು ಎಂದು ಈ ಲೆಕ್ಕ ಕೇಳುವುದಿಲ್ಲ. ಆಸ್ಪತ್ರೆಯ ಖರ್ಚಿಗೆ ಬಳೆ ಅಡವಿಟ್ಟು ಬಂದ ದಿನ ಸೋಮವಾರವಾಗಿದ್ದರೆ ಆ ಸಂಜೆಗೂ ಸಂತೋಷದ ರಹಸ್ಯಗಳೇ. ಮಗಳ ಮದುವೆ ಗೊತ್ತಾದ ದಿನ ಶುಕ್ರವಾರವಾಗಿದ್ದರೆ ದುಃಖದ ರಹಸ್ಯಗಳೇ.

ಮನಸ್ಸಿಗೂ ಬಾಯಿಗೂ ಸಂಬಂಧವಿಲ್ಲದ ಯಾಂತ್ರಿಕ ಪದ್ಧತಿ ಇದು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಆ ಸಂತೋಷದ ರಹಸ್ಯಗಳು ಯಾವುವು ಎಂದು ಒಮ್ಮೆ ಎಣಿಸಿ ನೋಡಬೇಕು. ಮೊದಲನೆಯದು, ಮದುವೆಗೆ ನಿಶ್ಚಯವಾಗಿದ್ದ ಮರಿಯ ಎಂಬ ಹುಡುಗಿಗೆ ತಾನು ತಾಯಿಯಾಗುವೆನೆಂಬ ಸುದ್ದಿ ಬಂದದ್ದು; ಊರು ಏನೆಂದೀತು ಎಂಬ ಭಯ ಆ ಸುದ್ದಿಯ ಬೆನ್ನಿಗೇ ಇತ್ತು. ಎರಡನೆಯದು, ಆಕೆ ಬೆಟ್ಟದ ಸೀಮೆಗೆ ನಡೆದು ವಯಸ್ಸಾದ ಬಸುರಿ ಬಂಧು ಎಲಿಸಬೇತಳನ್ನು ಕಂಡದ್ದು. ಮೂರನೆಯದು, ಛತ್ರದಲ್ಲಿ ಸ್ಥಳ ಸಿಗದೆ ಗೋದಲಿಯಲ್ಲಿ ಮಗುವನ್ನು ಮಲಗಿಸಿದ್ದು. ನಾಲ್ಕನೆಯದು, ದೇವಾಲಯದಲ್ಲಿ ಶಿಶುವಿನ ಸಮರ್ಪಣೆ. ಕುರಿ ತರುವ ಶಕ್ತಿಯಿಲ್ಲದ ಬಡವರ ಕಾಣಿಕೆಯಾದ ಹಕ್ಕಿಗಳ ಜೋಡಿಯೊಂದಿಗೆ ಬಂದ ಆ ತಾಯಿಗೆ, ನಿನ್ನ ಎದೆಯನ್ನೂ ಅಲಗು ಇರಿಯಲಿದೆ ಎಂಬ ಭವಿಷ್ಯವನ್ನು ವೃದ್ಧ ಸಿಮೆಯೋನ ನುಡಿದದ್ದು ಅಲ್ಲಿಯೇ. ಐದನೆಯದು, ಹನ್ನೆರಡು ವರ್ಷದ ಮಗ ಜಾತ್ರೆಯ ಜನಸಂದಣಿಯಲ್ಲಿ ತಪ್ಪಿಹೋಗಿ ಮೂರನೆಯ ದಿನ ಸಿಕ್ಕಿದ್ದು.

ಐದಕ್ಕೂ ಸಂತೋಷವೆಂದೇ ಹೆಸರು, ಐದರ ಒಳಗೂ ಆತಂಕದ ಎಳೆ. ಕ್ರೈಸ್ತ ಪರಂಪರೆ ಸಂತೋಷವನ್ನು ಅರ್ಥಮಾಡಿಕೊಂಡ ಬಗೆಯೇ ಇದು ಎಂದು ನಾನು ನಂಬಿದ್ದೇನೆ. ಕಷ್ಟ ತೀರಿದ ಮೇಲೆ ಬರಲಿ ಎಂದು ಅದು ಸಂತೋಷಕ್ಕಾಗಿ ಕಾದು ಕೂತಿಲ್ಲ. ಕಷ್ಟ ಮನೆಯೊಳಗೆ ಇರುವಾಗಲೇ ಸಂತೋಷಕ್ಕೂ ಒಂದು ಹೊತ್ತು, ಒಂದು ಮೂಲೆ, ಹೇಳಲು ನಾಲ್ಕು ಮಾತು, ಜೊತೆಗೆ ಕೂರಲು ನಾಲ್ಕು ಜನ ಎಂದು ಗೊತ್ತುಮಾಡಿದೆ. ಆ ಏರ್ಪಾಡು ಹೇಗೆ ಕೆಲಸ ಮಾಡುತ್ತದೆ ಎನ್ನುವುದು ಕ್ರೈಸ್ತರಿಗಷ್ಟೇ ಅಲ್ಲ, ಕಷ್ಟ ಕಂಡ ಎಲ್ಲರಿಗೂ ತಿಳಿಯಬೇಕಾದ ಸಂಗತಿ.

ಉಸಿರು ಹಿಡಿಯುವ ತಾಳ

ಕೊಂಕಣಿ ಮನೆಗಳಲ್ಲಿ ಇದಕ್ಕೆ ತೇರ್ಸ್ ಎನ್ನುತ್ತಾರೆ, ಕನ್ನಡದ ಕಥೋಲಿಕರು ಜಪಸರ ಎನ್ನುತ್ತಾರೆ. ದೇವರ ಪೀಠದ ಮುಂದೆ ದೀಪವೋ ಮೇಣದ ಬತ್ತಿಯೋ ಹೊತ್ತಿಕೊಳ್ಳುತ್ತದೆ. ಒಬ್ಬರು ಪ್ರಾರ್ಥನೆಯ ಮೊದಲ ಅರ್ಧ ಹೇಳುತ್ತಾರೆ, ಉಳಿದವರು ಎರಡನೆಯ ಅರ್ಧವನ್ನು ಸೇರಿ ಹೇಳುತ್ತಾರೆ. ಹತ್ತು ಮಣಿಗಳ ಐದು ಗುಂಪುಗಳು. ಆರಂಭದ ಮೂರು ಮಣಿಗಳೂ ಸೇರಿ ಮರಿಯಳ ಪ್ರಾರ್ಥನೆ 53 ಸಲ. ಒಂದೊಂದು ಗುಂಪನ್ನು ಒಬ್ಬೊಬ್ಬರು ನಡೆಸುವ ಮನೆಗಳಿವೆ. ಆಗ ಶಾಲೆಗೆ ಹೋಗುವ ಹುಡುಗನ ಧ್ವನಿಗೂ ಎಂಬತ್ತರ ಅಜ್ಜಿಯ ಧ್ವನಿಗೂ ಸಮನಾದ ಸರದಿ ಸಿಗುತ್ತದೆ. ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಕೇಳುತ್ತಾರೆ, ಹಿರಿಯರು ಹರಸುತ್ತಾರೆ. ಬೆಳಿಗ್ಗೆ ಜಗಳವಾಡಿದ ಅಪ್ಪ ಮಗ ಕೂಡ ಸಂಜೆ ಈ ಆಶೀರ್ವಾದದ ಹೊತ್ತಿಗೆ ಎದುರುಬದುರು ನಿಲ್ಲಲೇಬೇಕು.

ಇಲ್ಲಿ ದೇಹವೂ ಪಾಲುಗೊಳ್ಳುತ್ತದೆ. ಇಟಲಿಯ ಪಾವಿಯಾದ ವೈದ್ಯ ಲುಚಿಯಾನೋ ಬೆರ್ನಾರ್ಡಿ ಮತ್ತು ಸಂಗಡಿಗರು 23 ಮಂದಿ ಆರೋಗ್ಯವಂತರ ಮೇಲೆ ನಡೆಸಿದ ಅಧ್ಯಯನ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಜಪಸರದ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಸರದಿಯ ಮೇಲೆ ಹೇಳುವಾಗ ಉಸಿರಾಟದ ಗತಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ‘ಓಂ ಮಣಿ ಪದ್ಮೇ ಹೂಂ’ ಮಂತ್ರ ಜಪಿಸಿದಾಗಲೂ ಹೀಗೆಯೇ ಆಯಿತು. ಆ ಗತಿಯಲ್ಲಿ ಉಸಿರು, ಹೃದಯದ ಬಡಿತ, ರಕ್ತದೊತ್ತಡದ ಏರಿಳಿತ ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತವೆ ಎಂದು ಅವರು ತೋರಿಸಿದರು. ಪ್ರಾರ್ಥನೆ ಫಲಿಸುತ್ತದೆಯೇ ಎಂಬ ಪ್ರಶ್ನೆಗೆ ಇದು ಉತ್ತರವಲ್ಲ, ಅದು ಪ್ರಯೋಗಾಲಯದ ಪ್ರಶ್ನೆಯೂ ಅಲ್ಲ. ಗಾಬರಿಗೊಂಡ ಮನುಷ್ಯನಿಗೆ ಮೊದಲು ಬೇಕಾದದ್ದು ಉಸಿರು ಎಂಬುದನ್ನು ನಮ್ಮ ಹಿರಿಯರು ಅರಿತಿದ್ದರು ಎಂಬುದಕ್ಕೆ ಇದು ಸಾಕ್ಷಿ. ಮಣಿ ಎಣಿಸುವ ರೂಢಿ ಮನುಕುಲದ ಹಲವು ಧರ್ಮಗಳಲ್ಲಿ ಹುಟ್ಟಿದ್ದು ಆಕಸ್ಮಿಕವಿರಲಾರದು.

ಬಾಯಿಪಾಠದ ಪ್ರಾರ್ಥನೆಯನ್ನು ಹಗುರವಾಗಿ ನೋಡುವವರಿದ್ದಾರೆ. ಆದರೆ ತೀವ್ರ ಸಂಕಟದಲ್ಲಿ ಸ್ವಂತ ಮಾತು ಹೊರಡುವುದಿಲ್ಲ. ಐಸಿಯು ಬಾಗಿಲಿನ ಹೊರಗೆ ಕೂತ ಹೆಂಡತಿಗೆ ದೇವರ ಮುಂದೆ ಹೊಸ ವಾಕ್ಯ ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ಬಾಲ್ಯದಿಂದ ನಾಲಿಗೆಗೆ ಅಂಟಿದ ಮಾತು ಆಗ ತಾನಾಗಿಯೇ ಬರುತ್ತದೆ. ಕರಾವಳಿಯ ಕ್ರೈಸ್ತರು ಈ ಸತ್ಯವನ್ನು ಇತಿಹಾಸದಲ್ಲಿ ಕಠಿಣವಾಗಿ ಕಲಿತರು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಸಾವಿರಾರು ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲಾಯಿತು. ಚರ್ಚ್‌ಗಳು ನೆಲಸಮವಾದವು, ಪಾದ್ರಿಗಳು ಗಡೀಪಾರಾದರು. ಬದುಕುಳಿದವರಿಗೆ ಮರಳುವ ದಾರಿ ತೆರೆದದ್ದು 1799ರಲ್ಲಿ. ಗುಡಿಯೂ ಗುರುವೂ ಪುಸ್ತಕವೂ ಇಲ್ಲದ ಜಾಗದಲ್ಲಿ ಜೊತೆಗೆ ಉಳಿಯಬಲ್ಲದ್ದು ಬಾಯಿಗೆ ಬರುವ ಪ್ರಾರ್ಥನೆಯೊಂದೇ. 2020ರ ಮಾರ್ಚ್‌ನಲ್ಲಿ ಸೋಂಕಿನ ಭಯಕ್ಕೆ ಚರ್ಚ್‌ಗಳ ಬಾಗಿಲು ಮುಚ್ಚಿದಾಗ, ಪೋಪ್ ಫ್ರಾನ್ಸಿಸ್ ಮಳೆ ಸುರಿಯುತ್ತಿದ್ದ ಖಾಲಿ ಸಂತ ಪೇತ್ರರ ಚೌಕದಲ್ಲಿ ಮಾರ್ಚ್ 27ರ ಸಂಜೆ ಒಬ್ಬರೇ ನಿಂತು ಪ್ರಾರ್ಥಿಸಿದಾಗ, ನಮ್ಮ ಮನೆಗಳಲ್ಲಿ ಮತ್ತೆ ಆಸರೆಯಾದದ್ದು ಇದೇ ಸಂಜೆಯ ಜಪ. ದುಬೈಯಲ್ಲಿ ಸಿಕ್ಕಿಹಾಕಿಕೊಂಡ ಮಗ, ಬೆಂಗಳೂರಿನ ಮಗಳು, ಊರಿನ ತಂದೆತಾಯಿ ಮೊಬೈಲ್ ಪರದೆಯ ಮೇಲೆ ಒಂದಾಗಿ ಸರದಿಯ ಮೇಲೆ ಜಪ ನಡೆಸಿದ ಕುಟುಂಬಗಳು ಬಹಳ.

ಅಳುವುದಕ್ಕೂ ಒಂದು ಹೊತ್ತು

ಸಂತೋಷದ ಮಾತಾಡುವ ಧರ್ಮ ಅಳುವವರ ಬಾಯಿ ಮುಚ್ಚಿಸಿದರೆ ಅದು ಕ್ರೌರ್ಯವಾಗುತ್ತದೆ. ಬೈಬಲ್ ಆ ದಾರಿ ಹಿಡಿದಿಲ್ಲ. ಅದರಲ್ಲಿರುವ 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗೋಳಿನ ಕೀರ್ತನೆಗಳು. ದೇವರನ್ನು ಎದುರು ಹಾಕಿಕೊಂಡು ಎಲ್ಲಿದ್ದೀಯೆ, ಏಕೆ ತಡಮಾಡುತ್ತಿದ್ದೀಯೆ ಎಂದು ಕೇಳುವ ಪ್ರಾರ್ಥನೆಗಳವು. ಬಹುಪಾಲು ಕೊನೆಯಲ್ಲಿ ಭರವಸೆಯ ಕಡೆ ಹೊರಳುತ್ತವೆ. 88ನೆಯ ಕೀರ್ತನೆ ಹೊರಳುವುದೇ ಇಲ್ಲ, ಕತ್ತಲಲ್ಲಿಯೇ ಮುಗಿಯುತ್ತದೆ. ಅದನ್ನೂ ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡವರ ಪ್ರಾಮಾಣಿಕತೆ ದೊಡ್ಡದು. ಗೆಳೆಯ ಲಾಜರನ ಸಮಾಧಿಯ ಬಳಿ ಯೇಸು ಅತ್ತರು ಎಂದು ಯೊವಾನ್ನನ ಶುಭಸಂದೇಶ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಚರ್ಚಿನ ವರ್ಷವೂ ಶೋಕಕ್ಕೆ ಜಾಗ ಬಿಟ್ಟಿದೆ. ಹಿಂದಿನ ವರ್ಷದ ಗರಿಗಳ ಹಬ್ಬದಲ್ಲಿ ಮಂತ್ರಿಸಿಕೊಟ್ಟ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಬೂದಿ ಬುಧವಾರ ಹಣೆಗೆ ಹಚ್ಚುತ್ತಾರೆ. ಅಲ್ಲಿಂದ ತಪಸ್ಸು ಕಾಲ. ಶುಕ್ರವಾರಗಳಂದು ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಮೊಣಕಾಲೂರುತ್ತಾ ಸಾಗುವ ಪ್ರಾರ್ಥನೆ. ಶುಭ ಶುಕ್ರವಾರದಂದು ಬಲಿಪೂಜೆಯೇ ಇಲ್ಲ. ಪೀಠದ ಬಟ್ಟೆ ತೆಗೆದಿರುತ್ತಾರೆ, ಗಂಟೆ ಮೌನವಾಗಿರುತ್ತದೆ; ಅದರ ಬದಲು ಮರದ ಹಲಗೆ ಬಡಿಯುವ ಒಣ ಸದ್ದು. ಮನೆಗಳಲ್ಲಿ ಗಂಜಿ ಊಟ. ವರ್ಷದಲ್ಲಿ ಒಂದು ದಿನ ಇಡೀ ಊರು ಸೋಲಿನ, ಸಾವಿನ ಎದುರು ಕೂರುತ್ತದೆ. ಆ ವರ್ಷ ಮಗನನ್ನು ಕಳೆದುಕೊಂಡ ತಾಯಿಗೆ ಆ ದಿನ ತಾನೊಬ್ಬಳೇ ದುಃಖಿ ಎನ್ನಿಸುವುದಿಲ್ಲ. ದೇವಾಲಯವೇ ಅವಳ ಮನಸ್ಥಿತಿಗೆ ಬಂದು ನಿಂತಿರುತ್ತದೆ. ಮರುದಿನ ರಾತ್ರಿ ಯೇಸುವಿನ ಪುನರುತ್ಥಾನದ ಪಾಸ್ಖ ಜಾಗರಣೆಯಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದ ಬತ್ತಿ ಬೆಳಗಿಸಿ, ಅಲ್ಲಿಂದ ಪ್ರತಿಯೊಬ್ಬರೂ ತಮ್ಮ ಕೈಯ ಬತ್ತಿಗೆ ಬೆಳಕು ಪಡೆಯುತ್ತಾರೆ. ಆಮೇಲೆ ಗಂಟೆಗಳು ಬಾಯಿಬಿಡುತ್ತವೆ. ಶುಕ್ರವಾರವನ್ನು ಪೂರ್ತಿ ಅನುಭವಿಸಿದ ಸಭೆಗೆ ಆ ಗಂಟೆಯ ನಾದ ಸುಳ್ಳು ಸಮಾಧಾನದಂತೆ ಕೇಳಿಸುವುದಿಲ್ಲ.

ಮನೆಯ ಸಾವಿಗೂ ಇಂಥದೇ ಗತಿ ಇದೆ. ಮಣ್ಣು ಮಾಡಿ ಬಂದ ನಂತರದ ಸಂಜೆಗಳಲ್ಲಿ ವಾರ್ಡಿನ ಜನ ಆ ಮನೆಗೆ ಬಂದು ಜಪಸರ ಹೇಳುತ್ತಾರೆ. ಏಳನೆಯ ದಿನದ ಪೂಜೆ, ತಿಂಗಳ ಪೂಜೆ, ವರ್ಷದ ಪೂಜೆ. ಕಾಲ ದುಃಖವನ್ನು ಮರೆಸುತ್ತದೆ ಎಂದು ಬಿಟ್ಟುಬಿಡದೆ, ಕಾಲಕ್ಕೆ ಮೆಟ್ಟಿಲು ಕಟ್ಟಿಕೊಡುವ ಕ್ರಮವಿದು. ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಬತ್ತಿ ಹಚ್ಚಿ ಇಡೀ ಕುಟುಂಬ ನಿಲ್ಲುತ್ತದೆ. ಅಜ್ಜನನ್ನು ಕಾಣದ ಮೊಮ್ಮಕ್ಕಳು ಅಂದು ಅವನ ಹೆಸರನ್ನು ಕಲ್ಲಿನ ಮೇಲೆ ಓದುತ್ತಾರೆ, ಅವನ ತಮಾಷೆಯ ಕತೆಗಳನ್ನು ಕೇಳುತ್ತಾರೆ, ನಗುತ್ತಾರೆ. ಸ್ಮಶಾನದಲ್ಲಿ ಮಕ್ಕಳು ನಗುವ ದಿನವೊಂದು ಪಂಚಾಂಗದಲ್ಲಿ ಇರುವುದು ಒಂದು ಭಾಗ್ಯ.

ಅನ್ನದ ಮುಂದೆ ಒಂದು ನಿಮಿಷ

ಕ್ರೈಸ್ತ ಆಚರಣೆಗಳಲ್ಲಿ ತೀರ ಚಿಕ್ಕದೆಂದರೆ ಊಟದ ಮುಂಚಿನ ಪ್ರಾರ್ಥನೆ. ಅರ್ಧ ನಿಮಿಷವೂ ಬೇಡ. ಅನ್ನಕ್ಕಾಗಿ, ಬೇಯಿಸಿದ ಕೈಗಾಗಿ ಕೃತಜ್ಞತೆ, ಹಸಿದವರ ನೆನಪು. ಕಥೋಲಿಕರು, ಸಿಎಸ್‌ಐ ಸಭೆಯವರು, ಮೆಥೊಡಿಸ್ಟರು, ಪೆಂಟೆಕೋಸ್ಟಲರು ಎಲ್ಲರೂ ಉಳಿಸಿಕೊಂಡ ಪದ್ಧತಿ ಇದು. ದಿನಕ್ಕೆ ಎರಡು ಮೂರು ಸಲ, ಗಂಜಿಯಿದ್ದರೂ ಬಿರಿಯಾನಿಯಿದ್ದರೂ ಒಂದೇ ಮಾತು.

ಈ ಪುಟ್ಟ ಪ್ರಾರ್ಥನೆಯ ಬಲ ತಿಳಿಯಲು ಜರ್ಮನಿಯ ಐಲೆನ್‌ಬುರ್ಗ್ ಎಂಬ ಊರಿನ ಕತೆ ಸಾಕು. ಯುರೋಪನ್ನು 1618ರಿಂದ 1648ರವರೆಗೆ ಸುಟ್ಟ ಮೂವತ್ತು ವರ್ಷಗಳ ಯುದ್ಧದ ಕಾಲ. ಗೋಡೆಯಿದ್ದ ಆ ಊರಿಗೆ ನಿರಾಶ್ರಿತರು ನುಗ್ಗಿದರು, 1637ರಲ್ಲಿ ಮಹಾಮಾರಿಯೂ ಬಂತು. ಅಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಲೂಥರನ್ ಪಾದ್ರಿಯಿದ್ದರು. ಜೊತೆಯ ಪಾದ್ರಿಗಳು ಇಲ್ಲವಾದ ಮೇಲೆ ಒಬ್ಬರೇ ಸಾವಿರಾರು ಜನರ ಅಂತ್ಯಕ್ರಿಯೆ ನಡೆಸಿದರು. ಅದೇ ವರ್ಷ ಅವರ ಹೆಂಡತಿಯೂ ತೀರಿಕೊಂಡರು. ಇಂದಿಗೂ ಜಗತ್ತಿನಾದ್ಯಂತ ಹಾಡುವ ಕೃತಜ್ಞತೆಯ ಪ್ರಸಿದ್ಧ ಗೀತೆಯೊಂದು ಈ ಮನುಷ್ಯನದು, ಆ ಯುದ್ಧದ ವರ್ಷಗಳದು. ತಮ್ಮ ಮನೆಯವರು ಊಟದ ಮೇಜಿನಲ್ಲಿ ಹೇಳಲೆಂದು ಅವರು ಅದನ್ನು ಬರೆದರು ಎನ್ನುತ್ತಾರೆ. ಹಸಿವು, ಹೆಣ, ಸೈನಿಕರ ದಾಳಿಯ ನಡುವೆ ಮೇಜಿನ ಮೇಲಿದ್ದ ರೊಟ್ಟಿಗೆ ಕೃತಜ್ಞತೆ ಹೇಳಿದವರ ಮಾತಿಗೆ ಇರುವ ತೂಕ ಸುಖದಲ್ಲಿ ಕೂತು ಬರೆದ ಸ್ತುತಿಗೆ ಬರಲಾರದು.

ಈ ಅಭ್ಯಾಸ ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಕೃತಜ್ಞತೆಗೆ ಕಾರಣವಾದ ಸಂಗತಿಗಳನ್ನು ವಾರವಾರ ಬರೆದಿಟ್ಟವರು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೊಂದಿದ್ದರು. ನರ ಮತ್ತು ಸ್ನಾಯುಗಳ ದೀರ್ಘ ಕಾಯಿಲೆಯಿದ್ದವರು ಇದನ್ನು 21 ದಿನ ಮಾಡಿದಾಗ ಅವರ ಮನಸ್ಸು ಹಗುರಾಯಿತು, ನಿದ್ದೆಯೂ ಸುಧಾರಿಸಿತು. ಕಾಯಿಲೆ ಹೋಗಲಿಲ್ಲ. ಕಾಯಿಲೆಯ ನಡುವೆಯೂ ಕಣ್ಣಿಗೆ ಬೀಳಬೇಕಾದ ಒಳಿತುಗಳು ಕಣ್ಣಿಗೆ ಬಿದ್ದವು. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಹದಿನಾರನೆಯ ಶತಮಾನದಲ್ಲೇ ತಮ್ಮವರಿಗೆ ಕಲಿಸಿದ ಆತ್ಮಶೋಧನೆಯ ಮೊದಲ ಹೆಜ್ಜೆಯೂ ಇದೇ: ದಿನದ ತಪ್ಪುಗಳ ಕಡೆ ತಿರುಗುವ ಮೊದಲು, ಪಡೆದುದಕ್ಕೆ ಕೃತಜ್ಞತೆ.

ಕೃತಜ್ಞತೆ ಬಹಿರಂಗವಾದಾಗ ಅದಕ್ಕೆ ಗದ್ದಲದ ಸಂತೋಷ ಬರುತ್ತದೆ. ಕರ್ನಾಟಕದ ಸಿಎಸ್‌ಐ ಸಭೆಗಳಲ್ಲಿ ಸುಗ್ಗಿ ಹಬ್ಬ ನೋಡಿದವರಿಗೆ ಇದು ಗೊತ್ತು. ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ, ನಾಟಿ ಕೋಳಿ, ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಕೇಕು ಎಲ್ಲ ಪೀಠದ ಮುಂದೆ ಬರುತ್ತವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಒಂದು ನಿಂಬೆಹಣ್ಣಿಗೆ ಅಂಗಡಿಯ ಬೆಲೆಯ ಹತ್ತಾರು ಪಟ್ಟು ಕೂಗುತ್ತಾರೆ. ಕೊಂಡವರು ಅದನ್ನು ಮತ್ತೆ ಏಲಂಗೆ ಕೊಡುತ್ತಾರೆ. ತೀರ ಬಡವರಾಗಿದ್ದೂ ಸಂಕಟದ ನಡುವೆ ಉದಾರವಾಗಿ ಕೊಟ್ಟ ಮಕೆದೋನ್ಯದ ಸಭೆಗಳ ಬಗ್ಗೆ ಸಂತ ಪೌಲ ಕೊರಿಂಥದವರಿಗೆ ಬರೆದು, ಆ ಕೊಡುಗೆಯ ಮೂಲ ಅವರ ಆನಂದ ಎಂದಿದ್ದ. ಮಳೆ ಕೈಕೊಟ್ಟ ವರ್ಷದಲ್ಲೂ ಒಂದು ಮೊರ ಭತ್ತ ತಂದಿಡುವ ರೈತನಿಗೆ ಪೌಲನ ಮಾತು ವಿವರಿಸಬೇಕಿಲ್ಲ.

ಪಾತ್ರೆ ತೊಳೆಯುವ ಪ್ರಾರ್ಥನೆ

ಕಷ್ಟದ ಮನೆಯಲ್ಲಿ ಪ್ರಾರ್ಥನೆಗೆ ಬಿಡುವೆಲ್ಲಿ ಎಂಬುದು ನ್ಯಾಯವಾದ ಪ್ರಶ್ನೆ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ, ಎರಡು ಪಾಳಿ ದುಡಿಯುವ ತಂದೆಗೆ ಪೀಠದ ಮುಂದೆ ಕೂರುವ ಹೊತ್ತು ಸಿಗುವುದಿಲ್ಲ. ಅಂಥವರಿಗೂ ಒಂದು ಉತ್ತರವಿದೆ. ಹದಿನೇಳನೆಯ ಶತಮಾನದ ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸಾಮಾನ್ಯ ಸಹೋದರರಿದ್ದರು. ಸೈನಿಕರಾಗಿದ್ದವರು, ಕಾಲಿಗೆ ಏಟು ತಿಂದವರು. ಮಠದಲ್ಲಿ ಸಿಕ್ಕಿದ್ದು ಅಡುಗೆಮನೆಯ ಕೆಲಸ, ಆಮೇಲೆ ಚಪ್ಪಲಿ ಹೊಲಿಯುವ ಕೆಲಸ. ಅಡುಗೆ ಅವರಿಗೆ ಸಹಜವಾಗಿ ಇಷ್ಟವಿರಲಿಲ್ಲ. ಆ ಇಷ್ಟವಿಲ್ಲದ ಕೆಲಸದ ನಡುವೆಯೇ ದೇವರೊಡನೆ ಮಾತಾಡುತ್ತ ಇರುವುದನ್ನು ರೂಢಿಸಿಕೊಂಡರು. ಬಾಣಲೆಯ ಗದ್ದಲದಲ್ಲೂ ಪೂಜೆಯ ಹೊತ್ತಿನ ಶಾಂತಿ ತಮಗೆ ಸಿಗುತ್ತದೆ ಎಂಬುದು ಅವರ ಅನುಭವ. ಅವರು 1691ರಲ್ಲಿ ತೀರಿಕೊಂಡ ಮೇಲೆ ಅವರ ಮಾತುಕತೆ, ಪತ್ರಗಳು ಪುಟ್ಟ ಪುಸ್ತಕವಾಗಿ ಬಂದು ಕಥೋಲಿಕರೂ ಪ್ರೊಟೆಸ್ಟೆಂಟರೂ ಓದುವಂತಾದವು.

ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ ಕರಾವಳಿಯ ಅಡುಗೆಮನೆಗಳು ಕೆಲಸವೇ ಪ್ರಾರ್ಥನೆಯಾಗುವ ಈ ಮಾತಿಗೆ ಒಳ್ಳೆಯ ಉದಾಹರಣೆ. ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಯಾರಿಗೆ ಮನೆಮಂದಿಯೆಲ್ಲ ಕೂರಬೇಕು. ಕಿಡಿಯೊ ಸುತ್ತಲು ಪುಟ್ಟ ಬೆರಳುಗಳೇ ವಾಸಿ, ಆದ್ದರಿಂದ ಅದು ಮಕ್ಕಳ ಪಾಲಿಗೆ. ನೆವ್ರಿಯೊ ಮಡಚುವುದು ನುರಿತ ಕೈಗಳಿಗೆ, ಕೊಕ್ಕಿಸಾಂ ಅಚ್ಚನ್ನು ಕಾದ ಎಣ್ಣೆಯಲ್ಲಿ ಅದ್ದುವುದು ದೊಡ್ಡವರಿಗೆ. ಸಾವಾದ ವರ್ಷ ಆ ಮನೆಯಲ್ಲಿ ಕುಸ್ವಾರ್ ಮಾಡುವುದಿಲ್ಲ. ಆದರೆ ಆ ಮನೆ ಬರಿದಾಗಿ ಉಳಿಯುವುದೂ ಇಲ್ಲ. ನೆರೆಯವರು, ನೆಂಟರು ತಮ್ಮ ಮನೆಯದನ್ನು ತಟ್ಟೆಯಲ್ಲಿ ಹಾಕಿ ತಂದುಕೊಡುತ್ತಾರೆ. ಶೋಕದಲ್ಲಿರುವವರ ಮೇಲೆ ಹಬ್ಬ ಮಾಡುವ ಭಾರವನ್ನು ಹೊರಿಸದೆ, ಹಬ್ಬದಿಂದ ಅವರನ್ನು ಹೊರಗೂ ಇಡದೆ ನಡೆದುಕೊಳ್ಳುವ ಈ ಸೂಕ್ಷ್ಮವನ್ನು ಯಾವ ಧರ್ಮಸಭೆಯ ಸುತ್ತೋಲೆಯೂ ಕಲಿಸಿದ್ದಲ್ಲ. ನೆರೆಕರೆ ತಾನಾಗಿ ಕಲಿತದ್ದು.

ಹೊಸ ತೆನೆಯಲ್ಲಿ ದೂರದವರ ಪಾಲು

ಸೆಪ್ಟೆಂಬರ್ 8 ಮರಿಯಮ್ಮನ ಜನ್ಮದಿನ. ಕರಾವಳಿಯಲ್ಲಿ ಅದು ಮೊಂತಿ ಹಬ್ಬ, ತೆನೆ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೋ ಚರ್ಚಿನಲ್ಲಿ ಗೋವೆಯ ಪಾದ್ರಿ ಜೊವಾಕಿಂ ಮಿರಾಂದಾ 1763ರಲ್ಲಿ ಇದನ್ನು ಆರಂಭಿಸಿದರು ಎಂಬುದು ಇಲ್ಲಿನ ಪ್ರತೀತಿ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲ ಮರಿಯಮ್ಮನ ಮುಂದೆ ಎರಚುತ್ತಾರೆ. ಮಳೆಗಾಲದ ಕೊನೆಯ ಹೊತ್ತು ಅದು; ಬೇಲಿಯ ಕಾಡುಹೂವಿಗೂ ಅಂದು ಮರ್ಯಾದೆ. ಹಬ್ಬದ ದಿನ ಮಂತ್ರಿಸಿದ ತೆನೆಯನ್ನು ಪ್ರತಿ ಕುಟುಂಬಕ್ಕೆ ಕೊಡುತ್ತಾರೆ. ಮನೆಗೆ ತಂದು, ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಸೇವಿಸಿ, ಆಮೇಲೆ ಬಾಳೆಲೆಯಲ್ಲಿ ಸಸ್ಯಾಹಾರದ ಊಟ.

ದೂರದೂರಿನಲ್ಲಿರುವವರನ್ನು ಈ ಊಟ ಮರೆಯುವುದಿಲ್ಲ. ಮುಂಬೈಯಲ್ಲೋ ಮಸ್ಕತ್ತಿನಲ್ಲೋ ಇರುವ ಮಗನಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸುವ ರೂಢಿ ಬೆಳೆದುಬಂದಿದೆ. ಕೆಲಸ ಕಳೆದುಕೊಂಡು, ಊರಿಗೆ ಹೇಳಲಾಗದೆ, ಕೋಣೆಯಲ್ಲಿ ಐದಾರು ಜನರ ಜೊತೆ ದಿನ ದೂಡುತ್ತಿರುವ ಹುಡುಗನ ಕೈಗೆ ಆ ಲಕೋಟೆ ತಲುಪಿತೆನ್ನಿ. ಅದರಿಂದ ಅವನಿಗೆ ಕೆಲಸ ಸಿಗುವುದಿಲ್ಲ. ಊಟಕ್ಕೆ ಕೂತಾಗ ತನ್ನ ಪಾಲನ್ನು ತೆಗೆದಿಟ್ಟ ಮನೆಯೊಂದಿದೆ ಎಂಬುದು ಮಾತ್ರ ಖಚಿತವಾಗುತ್ತದೆ. ಒಂಟಿತನವೇ ಕಷ್ಟದ ಅರ್ಧಭಾಗ ಎನ್ನುವುದನ್ನು ಬಲ್ಲವರಿಗೆ ಈ ಖಚಿತತೆಯ ಬೆಲೆ ತಿಳಿಯುತ್ತದೆ.

ಜೊತೆಯಾಗಿರುವ ಈ ಗುಣವನ್ನು ಹಬ್ಬದ ದಿನಕ್ಕೆ ಸೀಮಿತಗೊಳಿಸದೆ ವಾರದ ಕೆಲಸವಾಗಿಸಿದವರೂ ಇದ್ದಾರೆ. ಫ್ರೆಡೆರಿಕ್ ಓಜಾನಾಂ ಎಂಬ ವಿದ್ಯಾರ್ಥಿ 1833ರಲ್ಲಿ ಪ್ಯಾರಿಸ್‌ನಲ್ಲಿ ಗೆಳೆಯರೊಂದಿಗೆ ಕಟ್ಟಿದ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ಘಟಕಗಳು ಇಂದು ನಮ್ಮ ಅನೇಕ ಚರ್ಚ್‌ಗಳಲ್ಲಿವೆ. ಅದರ ಸದಸ್ಯರ ಮುಖ್ಯ ಕೆಲಸ ಬಡವರ ಮನೆಗೆ ಹೋಗಿ ಕೂರುವುದು. ಅಕ್ಕಿಬೇಳೆ, ಔಷಧಿ, ಶಾಲೆಯ ಶುಲ್ಕ ಆಮೇಲಿನ ಮಾತು. ಮೊದಲು ಮನೆಯೊಳಗೆ ಬಂದು ಕುಶಲ ಕೇಳಬೇಕು. ಹೀಗೆ ಹೋಗಿಬರುವವರನ್ನು ವಿಚಾರಿಸಿದರೆ ಹೆಚ್ಚಿನವರು ಹೇಳುವುದು ಒಂದೇ: ತಮ್ಮ ಮನೆಯ ಚಿಂತೆ ಹೊತ್ತು ಹೊರಟವರು ಹಗುರಾಗಿ ಮರಳುತ್ತಾರೆ. ಸಂತೋಷವನ್ನು ತನಗಾಗಿ ಹುಡುಕುತ್ತ ಕೂತವನಿಗೆ ಸಿಗದೆ, ಇನ್ನೊಬ್ಬರ ಜಗಲಿಯಲ್ಲಿ ಅದು ಸಿಗುವುದು ಪವಾಡವೇನಲ್ಲ, ಮನುಷ್ಯ ಸ್ವಭಾವ.

ಸೆರೆಮನೆಯಿಂದ ಬಂದ ಮಾತು

ಹೊಸ ಒಡಂಬಡಿಕೆಯಲ್ಲಿ ಸಂತೋಷದ ಪತ್ರವೆಂದೇ ಹೆಸರಾದದ್ದು ಫಿಲಿಪ್ಪಿಯವರಿಗೆ ಪೌಲ ಬರೆದ ಪತ್ರ. ಅದನ್ನು ಬರೆಯುವಾಗ ಆತ ಬೇಡಿ ತೊಟ್ಟ ಕೈದಿ, ತೀರ್ಪು ಸಾವೋ ಬಿಡುಗಡೆಯೋ ಎಂಬುದು ತಿಳಿದಿರಲಿಲ್ಲ. ಅದೇ ಫಿಲಿಪ್ಪಿಯಲ್ಲಿ ಹಿಂದೊಮ್ಮೆ ಛಡಿಯೇಟು ತಿಂದು ಕೋಳದಲ್ಲಿ ಕಾಲು ಸಿಕ್ಕಿಸಿಕೊಂಡ ರಾತ್ರಿ ಆತನೂ ಸಂಗಡಿಗ ಸೀಲನೂ ಹಾಡುತ್ತಿದ್ದರು, ಉಳಿದ ಕೈದಿಗಳು ಕೇಳುತ್ತಿದ್ದರು ಎಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆಯನ್ನು ಬದುಕಿ ತೋರಿದವರು ಜರ್ಮನಿಯ ಪಾದ್ರಿ ಡೀಟ್ರಿಷ್ ಬಾನ್‌ಹಾಫರ್. ಹಿಟ್ಲರನ ಆಡಳಿತ 1943ರ ಏಪ್ರಿಲ್ 5ರಂದು ಬಂಧಿಸಿ ಅವರನ್ನು ಬರ್ಲಿನ್‌ನ ಟೇಗೆಲ್ ಸೆರೆಮನೆಗೆ ಹಾಕಿತು. ಕೋಣೆಯಲ್ಲಿ ಅವರು ದಿನಕ್ಕೊಂದು ಕ್ರಮ ಮಾಡಿಕೊಂಡರು: ಕೀರ್ತನೆಗಳ ಓದು, ಪ್ರಾರ್ಥನೆ, ಬರಹ, ವ್ಯಾಯಾಮ. ಆ ವರ್ಷದ ಕ್ರಿಸ್ಮಸ್‌ಗೆ ಸಹಕೈದಿಗಳಿಗಾಗಿ ಪ್ರಾರ್ಥನೆಗಳನ್ನು ಬರೆದುಕೊಟ್ಟರು. ತಮ್ಮೊಳಗಿನ ಕತ್ತಲು, ಭಯ, ಒಂಟಿತನವನ್ನು ಅವರು ಪತ್ರಗಳಲ್ಲಿ ಅಡಗಿಸಲಿಲ್ಲ. 1945ರ ಏಪ್ರಿಲ್ 9ರಂದು ಫ್ಲೊಸ್ಸೆನ್‌ಬ್ಯುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ಅವರ ಸಂತೋಷವನ್ನು ನಂಬಬಹುದು, ಏಕೆಂದರೆ ಅದು ಸತ್ಯವನ್ನು ಮರೆಮಾಚಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕೇಬೇಕು. ಪೌಲ, ಬಾನ್‌ಹಾಫರ್ ತಮ್ಮ ಸೆರೆಯಿಂದ ತಾವೇ ಆಡಿದ ಮಾತನ್ನು, ಹೊರಗೆ ಹಾಯಾಗಿರುವ ನಾವು ನೊಂದವರ ಮೇಲೆ ಹೇರಬಾರದು. ಮಗುವನ್ನು ಕಳೆದುಕೊಂಡವರಿಗೆ ದೇವರ ಚಿತ್ತ, ಸಂತೋಷಪಡಿ ಎನ್ನುವುದು ವಿಶ್ವಾಸವಲ್ಲ, ಅವಸರ. ಅಳುವವರ ಸಂಗಡ ಅಳಬೇಕೆಂದು ಅದೇ ಪೌಲ ರೋಮಿನವರಿಗೆ ಕಲಿಸಿದ. ಕುಡಿದು ಹೊಡೆಯುವ ಗಂಡನನ್ನು ಪ್ರಾರ್ಥನೆ ಮಾಡುತ್ತ ಸಹಿಸು ಎಂಬ ಬುದ್ಧಿವಾದಕ್ಕೂ ಧರ್ಮದ ಹೆಸರು ಸಲ್ಲದು. ಹಾಗೆಯೇ ಖಿನ್ನತೆ ಒಂದು ಕಾಯಿಲೆ. ವಿಶ್ವಾಸ ಕಡಿಮೆಯಾದದ್ದರ ಗುರುತೆಂದು ಅದನ್ನು ಬಗೆಯಬಾರದು. ವಾರಗಟ್ಟಲೆ ನಿದ್ದೆ, ಹಸಿವು, ಬದುಕುವ ಆಸೆ ಇಲ್ಲವಾದರೆ ವೈದ್ಯರ ಬಳಿ ಹೋಗಲೇಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನುಂಗುವ ಮುಂಚೆ ಶಿಲುಬೆಯ ಗುರುತು ಹಾಕಿಕೊಳ್ಳುವ ನಮ್ಮ ಹಿರಿಯರಿಗೆ ಔಷಧಿಗೂ ಪ್ರಾರ್ಥನೆಗೂ ಜಗಳವಿರಲಿಲ್ಲ.

ಎಲ್ಲಿಂದ ಶುರುಮಾಡಬೇಕು?

ಈ ಆಚರಣೆಗಳಿಗೆ ದುಡ್ಡು ಬೇಡ, ಪಾಂಡಿತ್ಯ ಬೇಡ, ಒಳ್ಳೆಯ ಮನಸ್ಥಿತಿಯೂ ಬೇಡ. ಬೇಕಾದದ್ದು ಗೊತ್ತಾದ ಹೊತ್ತು, ಸಾಧ್ಯವಿದ್ದರೆ ಇನ್ನೊಬ್ಬರ ಜೊತೆ. ಬಿಟ್ಟುಹೋದ ಸಂಜೆಯ ಪ್ರಾರ್ಥನೆಯನ್ನು ಮತ್ತೆ ಹಿಡಿಯುವವರು ಪೂರ್ತಿ ಜಪಸರದಿಂದ ಆರಂಭಿಸಬೇಕಿಲ್ಲ; ಹತ್ತು ಮಣಿಗಳ ಒಂದು ಗುಂಪು ಸಾಕು, ಒಂದು ಕೀರ್ತನೆ ಸಾಕು. ಊಟಕ್ಕೆ ಮುಂಚೆ ಅಂದಿನ ಒಂದು ಒಳಿತನ್ನು ಹೆಸರಿಸಿ ಹೇಳಲಿ; ಮಕ್ಕಳಿಗೆ ಈ ಸರದಿ ಬಹಳ ಇಷ್ಟ. ತಿಂಗಳಿಗೊಮ್ಮೆಯಾದರೂ ಕಷ್ಟದಲ್ಲಿರುವ ಒಂದು ಮನೆಯ ಬಾಗಿಲು ತಟ್ಟಲಿ. ಬೇರೆ ಧರ್ಮದವರಿಗೆ ತಮ್ಮ ಮನೆಯಲ್ಲೇ ಇದಕ್ಕೆ ಸಮನಾದ ದೀಪ, ಭಜನೆ, ನಮಾಜು ಇದ್ದೇ ಇರುತ್ತದೆ.

ಮೊದಲ ದಿನಗಳಲ್ಲಿ ಏನೂ ಅನ್ನಿಸದಿರಬಹುದು. ಅನ್ನಿಸಲಿ ಎಂದು ಕಾಯಬೇಕಾಗಿಯೂ ಇಲ್ಲ. ಸಾಲ ತೀರದ, ಕಾಯಿಲೆ ವಾಸಿಯಾಗದ, ಮಗನ ಫೋನು ಬಾರದ ಸೋಮವಾರಗಳಲ್ಲೂ ಸಂತೋಷದ ರಹಸ್ಯಗಳನ್ನು ಬಿಡದೆ ಹೇಳಿದ ಅಜ್ಜಿಯರು ನಮಗೆ ಕಲಿಸಿಕೊಟ್ಟದ್ದು ಇಷ್ಟು: ಸಂತೋಷಕ್ಕೆ ಅರ್ಹತೆ ಬೇಕಿಲ್ಲ, ಅನುಕೂಲವೂ ಬೇಕಿಲ್ಲ, ಅದಕ್ಕೊಂದು ಹೊತ್ತು ಗೊತ್ತುಮಾಡಿದರೆ ಸಾಕು. ಆ ಹೊತ್ತನ್ನು ನಮ್ಮ ಮನೆಗಳಲ್ಲಿ ಉಳಿಸಿಕೊಳ್ಳುವುದು ಈಗ ನಮ್ಮ ಸರದಿ.